ಬಿಸಿಯೇರಿದ ಔಟ್‌ಬೋರ್ಡ್ ಮೋಟರ್: ನೀರಿನ ದಾರಿ ಹಿಡಿದು ದೋಷ ಹುಡುಕಿ ದುರಸ್ತಿ ಮಾಡುವ ಕ್ರಮ

ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಔಟ್‌ಬೋರ್ಡ್ ಮೋಟರ್ ಅತಿಯಾಗಿ ಬಿಸಿಯಾದಾಗ ಹೊಸಬರು ಸಾಮಾನ್ಯವಾಗಿ ಯಾರೋ ಸೂಚಿಸಿದ ಬಿಡಿಭಾಗವೊಂದನ್ನು ತಂದು ಬದಲಾಯಿಸುತ್ತಾರೆ. ಮೊದಲು ಇಂಪೆಲ್ಲರ್, ಅನಂತರ ಥರ್ಮೋಸ್ಟಾಟ್, ಆಮೇಲೆ ತಾಪದ ಸೆನ್ಸರ್ ಹೀಗೆ ಒಂದರ ಹಿಂದೊಂದು ಬದಲಾದರೂ ಎಚ್ಚರಿಕೆಯ ಶಬ್ದ ನಿಲ್ಲದೆ ಹೋಗುವುದುಂಟು. ಬಿಸಿ ಎಂಬುದು ಲಕ್ಷಣ ಮಾತ್ರ. ಇಂಜಿನ್ನಿನೊಳಗೆ ಹರಿಯಬೇಕಾದ ನೀರು ಎಲ್ಲಿ ತಡೆಗೊಂಡಿದೆ ಅಥವಾ ಎಲ್ಲಿ ಸೋರಿಹೋಗುತ್ತಿದೆ ಎಂಬುದನ್ನು ಪತ್ತೆ ಹಚ್ಚುವವರೆಗೆ ದುರಸ್ತಿ ಆರಂಭವಾಗಿಲ್ಲವೆಂದೇ ತಿಳಿಯಬೇಕು. ಆದ್ದರಿಂದ ಈ ಮಾರ್ಗದರ್ಶಿಯ ಕ್ರಮ ನೀರಿನ ಹರಿವಿನ ಕ್ರಮವೇ ಆಗಿದೆ: ನೀರು ಒಳಬರುವ ಜಾಗದಿಂದ ಹೊರಹೋಗುವ ಜಾಗದವರೆಗೆ, ಬಿಚ್ಚದೆ ನೋಡಬಹುದಾದದ್ದನ್ನು ಮೊದಲು ನೋಡಿ, ಬಿಚ್ಚಬೇಕಾದದ್ದನ್ನು ಅನಂತರ ಬಿಚ್ಚುತ್ತ ಹೋಗುವುದು.

ಇಲ್ಲಿ ಹೇಳಿರುವುದು ನೀರಿನಿಂದ ತಂಪಾಗುವ ಮೋಟರ್‌ಗಳಿಗೆ ಅನ್ವಯಿಸುತ್ತದೆ. ಸುಮಾರು ಎರಡು ಅಶ್ವಶಕ್ತಿಯ ಕೆಲವು ಪುಟ್ಟ ಮೋಟರ್‌ಗಳು ಗಾಳಿಯಿಂದ ತಂಪಾಗುತ್ತವೆ. ಅವುಗಳಲ್ಲಿ ನೀರಿನ ಪಂಪೇ ಇರುವುದಿಲ್ಲ. ನಿಮ್ಮ ಮೋಟರ್ ಯಾವ ಬಗೆಯದೆಂದು ಅದರ ಕೈಪಿಡಿಯಿಂದ ಮೊದಲು ಖಚಿತಪಡಿಸಿಕೊಳ್ಳಿ. ಬೋಲ್ಟ್‌ಗಳನ್ನು ಎಷ್ಟು ಬಿಗಿಯಬೇಕು, ಥರ್ಮೋಸ್ಟಾಟ್ ಎಷ್ಟು ಡಿಗ್ರಿಗೆ ತೆರೆಯಬೇಕು, ಗೇರ್ ಯಾವ ಸ್ಥಾನದಲ್ಲಿರಬೇಕು ಎಂಬ ವಿವರಗಳೆಲ್ಲ ಮಾದರಿಯಿಂದ ಮಾದರಿಗೆ ಬೇರೆಯಾಗುವುದರಿಂದ, ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡೇ ಕೆಲಸಕ್ಕೆ ಕೂರುವುದು ಒಳ್ಳೆಯದು.

ನೀರು ಹೋಗುವ ದಾರಿ

ಮೋಟರಿನ ಕೆಳಭಾಗದಲ್ಲಿ, ಪ್ರೊಪೆಲ್ಲರಿನ ಮುಂದೆ, ಗೇರ್‌ಕೇಸಿನ (ಗೇರುಗಳಿರುವ ಲೋಹದ ಪೆಟ್ಟಿಗೆಯ) ಎರಡೂ ಬದಿಗಳಲ್ಲಿ ಅಥವಾ ತಳದಲ್ಲಿ ಸಣ್ಣ ಜಾಲರಿಯಂಥ ಕಿಂಡಿಗಳಿರುತ್ತವೆ. ದೋಣಿ ತೇಲುತ್ತಿರುವ ನೀರೇ ಈ ಕಿಂಡಿಗಳ ಮೂಲಕ ಒಳಬರುತ್ತದೆ. ಗೇರ್‌ಕೇಸಿನ ಮೇಲ್ಭಾಗದಲ್ಲಿ ನೀರಿನ ಪಂಪು ಇರುತ್ತದೆ. ಅದರೊಳಗೆ ರಬ್ಬರಿನ ರೆಕ್ಕೆಗಳುಳ್ಳ ಇಂಪೆಲ್ಲರನ್ನು ಒಂದು ಸಣ್ಣ ಲೋಹದ ಕೀಲಿಯಿಂದ ಡ್ರೈವ್‌ಶಾಫ್ಟಿಗೆ (ಇಂಜಿನ್ನಿನಿಂದ ಕೆಳಗಿಳಿದು ಗೇರುಗಳನ್ನು ತಿರುಗಿಸುವ ಉದ್ದನೆಯ ದಂಡಕ್ಕೆ) ಜೋಡಿಸಿರುತ್ತಾರೆ. ಇಂಜಿನ್ ತಿರುಗುವಷ್ಟು ಹೊತ್ತೂ ಶಾಫ್ಟಿನೊಂದಿಗೆ ಇಂಪೆಲ್ಲರ್ ತಿರುಗಿ, ನೀರನ್ನು ಉದ್ದನೆಯ ಕೊಳವೆಯೊಂದರ ಮೂಲಕ ಮೇಲಿನ ಇಂಜಿನ್ನಿಗೆ ತಳ್ಳುತ್ತದೆ. ಅಲ್ಲಿ ನೀರು ಸಿಲಿಂಡರುಗಳ ಮತ್ತು ಸಿಲಿಂಡರ್ ಹೆಡ್ಡಿನ ಸುತ್ತಲಿನ ಕಾಲುವೆಗಳಲ್ಲಿ ಹರಿದು ಬಿಸಿಯನ್ನು ಹೀರಿಕೊಂಡು, ಥರ್ಮೋಸ್ಟಾಟನ್ನು ದಾಟಿ, ಹೊಗೆಯೊಂದಿಗೆ ಸೇರಿ ಕೆಳಗಿಳಿದು ಹೊರಹೋಗುತ್ತದೆ.

ಥರ್ಮೋಸ್ಟಾಟಿನ ಕೆಲಸ ಇಂಜಿನ್ ಒಂದು ನಿಗದಿತ ತಾಪಕ್ಕೆ ಬರುವವರೆಗೆ ನೀರಿನ ಹರಿವನ್ನು ತಡೆಹಿಡಿಯುವುದು. ಅನೇಕ ಮೋಟರ್‌ಗಳಲ್ಲಿ ಅದು ಸುಮಾರು 50ರಿಂದ 62 ಡಿಗ್ರಿ ಸೆಲ್ಸಿಯಸ್ ನಡುವೆ ತೆರೆಯಲಾರಂಭಿಸುತ್ತದೆ. ಇದಲ್ಲದೆ ಹಲವು ಮಾದರಿಗಳಲ್ಲಿ ಒತ್ತಡದ ವಾಲ್ವ್ ಕೂಡ ಇರುತ್ತದೆ. ಇಂಜಿನ್ ವೇಗವಾಗಿ ತಿರುಗಿ ನೀರಿನ ಒತ್ತಡ ಹೆಚ್ಚಿದಾಗ ಅದು ತೆರೆದುಕೊಂಡು, ಥರ್ಮೋಸ್ಟಾಟನ್ನು ಅವಲಂಬಿಸದೆ ಹೆಚ್ಚು ನೀರು ಹರಿಯುವಂತೆ ಮಾಡುತ್ತದೆ. ಈ ಎರಡು ಸಾಧನಗಳ ಸಂಬಂಧವನ್ನು ನೆನಪಿಟ್ಟುಕೊಂಡರೆ ರೋಗನಿರ್ಣಯ ಬಹಳ ಸುಲಭವಾಗುತ್ತದೆ. ಮುಂದೆ ಅದನ್ನು ವಿವರಿಸುತ್ತೇನೆ.

ಮೋಟರಿನ ಹಿಂಬದಿಯಿಂದ ಅಥವಾ ಪಕ್ಕದಿಂದ ಚಿಮ್ಮುವ ತೆಳುವಾದ ನೀರಿನ ಧಾರೆಯನ್ನು ಟೆಲ್‌ಟೇಲ್, ಅಂದರೆ ಸೂಚಕ ಧಾರೆ, ಎನ್ನುತ್ತಾರೆ. ಪಂಪು ನೀರೆತ್ತುತ್ತಿದೆಯೇ ಎಂಬುದನ್ನು ಇದು ತೋರಿಸುತ್ತದೆ. ಆದರೆ ಈ ಧಾರೆ ಹೇಳುವುದು ಅಷ್ಟನ್ನು ಮಾತ್ರ. ಎಷ್ಟೋ ಮೋಟರ್‌ಗಳಲ್ಲಿ ಇದಕ್ಕೆ ನೀರು ಬರುವುದು ಹೆಡ್ಡಿನ ಸುತ್ತ ಹರಿಯುವ ಮೊದಲೇ. ಹಾಗಾಗಿ ಒಳಗಿನ ಕಾಲುವೆ ಉಪ್ಪಿನಿಂದ ಕಟ್ಟಿಕೊಂಡಿದ್ದರೂ, ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದರೂ ಧಾರೆ ಜೋರಾಗಿಯೇ ಬರಬಹುದು. ಇದಕ್ಕೆ ವಿರುದ್ಧವಾಗಿ, ಇಂಜಿನ್ ತಂಪಾಗಿಯೇ ಇದ್ದು, ಧಾರೆಯ ತೂತಿನಲ್ಲಿ ಮರಳ ಕಣವೊಂದು ಕೂತಿದ್ದರಿಂದ ಧಾರೆ ನಿಂತಿರಲೂಬಹುದು. ಧಾರೆ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಎಚ್ಚರಿಕೆಯ ಶಬ್ದವನ್ನು ಕಡೆಗಣಿಸಿ ದೋಣಿ ಓಡಿಸುವುದು ಇಂಜಿನ್ ಕಳೆದುಕೊಳ್ಳುವ ಅತ್ಯಂತ ಸುಲಭದ ದಾರಿ.

ನೀರಿನ ಮೇಲಿರುವಾಗಲೇ ಎಚ್ಚರಿಕೆ ಬಂದರೆ

ಅತಿ ತಾಪದ ಎಚ್ಚರಿಕೆ ಹೆಚ್ಚಿನ ಮೋಟರ್‌ಗಳಲ್ಲಿ ಎಡೆಬಿಡದ ಹಾರ್ನ್ ಆಗಿ ಕೇಳಿಸುತ್ತದೆ. ಹೊಸ ಮಾದರಿಗಳು ಅದರ ಜೊತೆಗೆ ಇಂಜಿನ್ನಿನ ವೇಗವನ್ನೂ ತಾವಾಗಿ ಇಳಿಸುತ್ತವೆ. ಕೂಡಲೇ ಥ್ರಾಟಲ್ ಇಳಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಸೂಚಕ ಧಾರೆಯನ್ನು ನೋಡಿ. ಧಾರೆ ಇಲ್ಲದಿದ್ದರೆ ಇಂಜಿನ್ ತಕ್ಷಣ ನಿಲ್ಲಿಸಬೇಕು. ಧಾರೆ ಇದ್ದರೆ ಒಂದೆರಡು ನಿಮಿಷ ನಿಧಾನವಾಗಿ ಓಡಲು ಬಿಡಬಹುದು, ಏಕೆಂದರೆ ಹರಿಯುತ್ತಿರುವ ನೀರು ಶಾಖವನ್ನು ಹೊರಗೊಯ್ಯುತ್ತಿರುತ್ತದೆ. ಅಷ್ಟರಲ್ಲಿ ಹಾರ್ನ್ ನಿಲ್ಲದಿದ್ದರೆ ಇಂಜಿನ್ ಆರಿಸಿಬಿಡಿ. ದೋಣಿ ತೇಲಿಹೋಗುವ ಅಪಾಯವಿದ್ದರೆ ಮೊದಲು ಲಂಗರು ಹಾಕಿ.

ನಿಂತ ಮೋಟರನ್ನು ಮೇಲಕ್ಕೆತ್ತಿ ನೀರಿನ ಕಿಂಡಿಗಳನ್ನು ನೋಡಿ. ಪ್ಲಾಸ್ಟಿಕ್ ಚೀಲ, ಜೊಂಡು, ಪಾಚಿ ಅಥವಾ ಬಲೆಯ ತುಂಡು ಕಿಂಡಿಗೆ ಅಂಟಿಕೊಂಡಿರುವುದು ತೀರ ಸಾಮಾನ್ಯ. ತೆಗೆದುಹಾಕಿದರೆ ಅಲ್ಲಿಗೇ ಸಮಸ್ಯೆ ಮುಗಿದಿರಬಹುದು. ಮೇಲಕ್ಕೆತ್ತಲು ಆಗದಿದ್ದಲ್ಲಿ, ಕೆಲವು ಕ್ಷಣ ನಿಧಾನವಾಗಿ ಹಿಂದಕ್ಕೆ ಚಲಿಸಿದರೆ ಚೀಲ ತಾನಾಗಿ ಕಳಚಿಕೊಳ್ಳುವುದುಂಟು.

ಬಿಸಿಯಾದ ಇಂಜಿನ್ನಿನ ಮೇಲೆ ತಣ್ಣೀರು ಸುರಿಯುವ ಮನಸ್ಸಾದೀತು, ಆದರೆ ಅದನ್ನು ಎಂದಿಗೂ ಮಾಡಬೇಡಿ. ಕಾದ ಅಲ್ಯೂಮಿನಿಯಂ ಥಟ್ಟನೆ ತಣಿದರೆ ಬಾಗಬಹುದು, ಬಿರುಕು ಬಿಡಬಹುದು. ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟು, ಕೈ ಇಡುವಷ್ಟು ತಣಿಯುವವರೆಗೆ ಕಾಯುವುದೇ ಸರಿಯಾದ ಕ್ರಮ. ಇಂಜಿನ್ ತಾನಾಗಿ ನಿಂತುಹೋಗಿ ಹಗ್ಗ ಎಳೆದರೂ ತಿರುಗದಿದ್ದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿರಬಹುದು. ಬಲವಂತವಾಗಿ ತಿರುಗಿಸದೆ ಪೂರ್ತಿ ತಣಿಯಲು ಬಿಟ್ಟು, ಬೇರೆ ದೋಣಿಯ ನೆರವಿನಿಂದ ದಡ ಸೇರಿ.

ಬಿಡಿಭಾಗ ಕೊಳ್ಳುವ ಮೊದಲು: ಇಂಜಿನ್ ಉಳಿದಿದೆಯೇ?

ಇಂಜಿನ್ ಒಳಗೆ ಕೆಟ್ಟಿದೆಯೇ ಎಂಬ ಪರೀಕ್ಷೆಯನ್ನು ಬಹಳ ಮಂದಿ ಕೊನೆಗೆ ಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ಮಾಡಬೇಕಾದ ಕೆಲಸವಿದು. ಒಳಗೆ ಪಿಸ್ಟನ್ ಕೆಟ್ಟಿರುವ ಇಂಜಿನ್ನಿಗೆ ಹೊಸ ಪಂಪು ಹಾಕಿ ಪ್ರಯೋಜನವಿಲ್ಲ.

ತುರ್ತು ನಿಲುಗಡೆಯ ದಾರವನ್ನು ಕಳಚಿ, ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಕಿಡಿ ಹಾರದಂತೆ ಅವುಗಳ ವೈರ್‌ಗಳನ್ನು ಇಂಜಿನ್ನಿನ ಲೋಹಕ್ಕೆ ತಾಗಿಸಿಡಿ. ಇಂಜಿನ್ನಿನ ನೆತ್ತಿಯ ದೊಡ್ಡ ಚಕ್ರವಾದ ಫ್ಲೈವೀಲನ್ನು ಕೈಯಿಂದ, ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿಯೇ, ನಿಧಾನವಾಗಿ ತಿರುಗಿಸಿ. ಎಲ್ಲೂ ಕಚ್ಚದೆ, ಕೆರೆಯುವ ಶಬ್ದವಿಲ್ಲದೆ ತಿರುಗಬೇಕು. ಅನಂತರ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜನ್ನು ಪ್ಲಗ್ಗಿನ ತೂತಿಗೆ ಹಾಕಿ, ಥ್ರಾಟಲ್ ಪೂರ್ತಿ ತೆರೆದಿಟ್ಟು, ಒಂದೊಂದು ಸಿಲಿಂಡರಿಗೂ ಮುಳ್ಳು ಏರುವುದು ನಿಲ್ಲುವವರೆಗೆ ಇಂಜಿನ್ ತಿರುಗಿಸಿ. ಅಂಕಿಗಿಂತ ಮುಖ್ಯವಾದದ್ದು ಒಂದು ಸಿಲಿಂಡರಿನ ಅಂಕಿಗೂ ಇನ್ನೊಂದರದಕ್ಕೂ ಇರುವ ವ್ಯತ್ಯಾಸ. ಅದು ಶೇಕಡಾ 10ಕ್ಕಿಂತ ಕಡಿಮೆಯಿದ್ದರೆ ನೆಮ್ಮದಿಯಿಂದ ಮುಂದುವರಿಯಬಹುದು. ಒಂದು ಸಿಲಿಂಡರ್ ಮಾತ್ರ ಗಣನೀಯವಾಗಿ ಕಡಿಮೆಯಿದ್ದರೆ ಅದರ ಪಿಸ್ಟನ್ ರಿಂಗಿಗೋ ಹೆಡ್ ಗ್ಯಾಸ್ಕೆಟ್ಟಿಗೋ (ಹೆಡ್ಡಿಗೂ ಸಿಲಿಂಡರುಗಳಿಗೂ ನಡುವೆ ಸೋರಿಕೆ ತಡೆಯುವ ಹಾಳೆಗೋ) ಪೆಟ್ಟು ಬಿದ್ದಿರುವ ಸಾಧ್ಯತೆಯಿದೆ.

ಬಿಚ್ಚಿದ ಪ್ಲಗ್‌ಗಳನ್ನು ಸಾಲಾಗಿ ಇಟ್ಟು ಹೋಲಿಸಿ. ಉಳಿದವು ಕಂದು ಬಣ್ಣದಲ್ಲಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತಿದ್ದರೆ, ಆ ಸಿಲಿಂಡರಿಗೆ ನೀರು ಇಳಿಯುತ್ತಿದೆ ಎಂದು ಶಂಕಿಸಬೇಕು. ನಾಲ್ಕು ಸ್ಟ್ರೋಕಿನ ಮೋಟರಿನಲ್ಲಿ ಆಯಿಲ್ ಅಳತೆಯ ಕಡ್ಡಿಯನ್ನೂ ಎಳೆದು ನೋಡಿ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಬೆರೆತಿದೆ ಎಂದರ್ಥ, ಆ ಸ್ಥಿತಿಯಲ್ಲಿ ಇಂಜಿನ್ ಮತ್ತೆ ಚಾಲೂ ಮಾಡಕೂಡದು.

ಯಾವ ವೇಗದಲ್ಲಿ ಬಿಸಿಯಾಗುತ್ತದೆ ಎಂಬುದೇ ಮೊದಲ ಸುಳಿವು

ನಿಧಾನವಾಗಿ ಓಡುವಾಗ ಬಿಸಿಯಾಗಿ, ವೇಗ ಹೆಚ್ಚಿಸಿದಾಗ ತಣಿಯುವ ಇಂಜಿನ್ನಿನಲ್ಲಿ ಎರಡು ಅನುಮಾನ ಬಲವಾಗಿರುತ್ತವೆ. ಒಂದು, ಸವೆದ ಇಂಪೆಲ್ಲರ್: ಕಡಿಮೆ ವೇಗದಲ್ಲಿ ರಬ್ಬರ್ ರೆಕ್ಕೆಗಳು ಪಂಪಿನ ಗೂಡಿನ ಗೋಡೆಗೆ ಒತ್ತಿಕೊಂಡು ನೀರನ್ನು ಹಿಡಿದು ತಳ್ಳಬೇಕು, ಬಿಗಿ ಕಳೆದುಕೊಂಡ ರೆಕ್ಕೆಗೆ ಅದು ಆಗುವುದಿಲ್ಲ, ಹೆಚ್ಚಿನ ವೇಗದಲ್ಲಿ ರೆಕ್ಕೆಗಳು ಮಡಚಿಕೊಂಡು ತಿರುಗುವ ರಭಸಕ್ಕೇ ನೀರು ಮೇಲೇರುವುದರಿಂದ ದೋಷ ಮುಚ್ಚಿಹೋಗುತ್ತದೆ. ಎರಡು, ಮುಚ್ಚಿದಂತೆಯೇ ಸಿಕ್ಕಿಕೊಂಡ ಥರ್ಮೋಸ್ಟಾಟ್: ವೇಗ ಹೆಚ್ಚಿದಾಗ ಒತ್ತಡದ ವಾಲ್ವ್ ತೆರೆದು ನೀರಿಗೆ ಬೇರೆ ದಾರಿ ಸಿಗುತ್ತದೆ.

ನಿಧಾನವಾಗಿ ಓಡುವಾಗ ಸರಿಯಿದ್ದು ವೇಗದಲ್ಲಿ ಮಾತ್ರ ಬಿಸಿಯಾದರೆ, ಬೇಕಾದಷ್ಟು ನೀರು ದೊರೆಯುತ್ತಿಲ್ಲ ಎಂದರ್ಥ: ಅರ್ಧ ಮುಚ್ಚಿದ ಕಿಂಡಿ, ಸೋರುವ ನೀರಿನ ಕೊಳವೆ, ಕಟ್ಟಿಕೊಂಡ ಕಾಲುವೆ, ತೆರೆಯದ ಒತ್ತಡದ ವಾಲ್ವ್, ಅಥವಾ ನಡುವಿನ ಲೋಹದ ಗುಂಬದಿಂದ ರಬ್ಬರ್ ಬಿಟ್ಟುಕೊಂಡು ಜಾರುವ ಇಂಪೆಲ್ಲರ್. ಮೋಟರನ್ನು ದೋಣಿಗೆ ತೀರ ಎತ್ತರದಲ್ಲಿ ಕಟ್ಟಿದ್ದರೆ ಅಥವಾ ಹೊರಕ್ಕೆ ಅತಿಯಾಗಿ ಓರೆ ಮಾಡಿದ್ದರೆ ಕಿಂಡಿಗಳು ನೀರಿನ ಬದಲು ಗಾಳಿ ಎಳೆಯುವುದರಿಂದಲೂ ಹೀಗಾಗುತ್ತದೆ. ಪ್ರೊಪೆಲ್ಲರಿನ ಮೇಲಿರುವ ಅಡ್ಡ ತಟ್ಟೆ ದೋಣಿಯ ತಳದ ಮಟ್ಟದಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ, ಸುಮಾರು 25 ಮಿಲಿಮೀಟರಿನೊಳಗೆ ಇರುವುದು ಸಾಮಾನ್ಯ ದೋಣಿಗಳಿಗೆ ಸರಿಯಾದ ಎತ್ತರ.

ತಣ್ಣಗಿದ್ದ ಇಂಜಿನ್ ಚಾಲೂ ಮಾಡಿದ ಕ್ಷಣದಿಂದಲೇ ಹಾರ್ನ್ ಬಂದರೆ ತಪ್ಪು ನೀರಿನಲ್ಲಿ ಇರಲಾರದು. ಸೆನ್ಸರಿನ ಸ್ವಿಚ್ಚೋ ಅದರ ವೈರೋ ಕೆಟ್ಟಿರಬಹುದು. ಆಯಿಲ್ ಕಡಿಮೆಯಾದಾಗಲೂ ಹಲವು ಮೋಟರ್‌ಗಳು ಇದೇ ಹಾರ್ನನ್ನು ಬಳಸುತ್ತವೆ ಎಂಬುದನ್ನೂ ಮರೆಯಬಾರದು.

ಬಿಚ್ಚದೆ ಮಾಡುವ ಪರೀಕ್ಷೆಗಳು

ನೀರಿನ ಕಿಂಡಿಗಳನ್ನು ಗಟ್ಟಿ ಕೂದಲಿನ ಬ್ರಷ್ಷಿನಿಂದ ಉಜ್ಜಿ, ತೆಳ್ಳನೆಯ ತಂತಿಯಿಂದ ಸಂದುಗಳಲ್ಲಿನ ಚಿಪ್ಪು ಮತ್ತು ಕೆಸರನ್ನು ತೆಗೆಯಿರಿ. ಸೂಚಕ ಧಾರೆಯ ತೂತಿಗೆ ಗಟ್ಟಿ ನೈಲಾನ್ ದಾರವನ್ನು ತೂರಿಸಿ ಆಡಿಸಿ. ಲೋಹದ ಸೂಜಿಯನ್ನು ಬಲವಾಗಿ ಚುಚ್ಚಿದರೆ ಒಳಗಿನ ರಬ್ಬರ್ ಪೈಪು ಹರಿದೀತು. ಅದಕ್ಕೂ ಬಗ್ಗದಿದ್ದರೆ ಪೈಪನ್ನು ಇಂಜಿನ್ನಿನ ಕಡೆಯಿಂದ ಕಳಚಿ, ಹೊರಮುಖವಾಗಿ ನೀರು ಬಿಟ್ಟು ತೊಳೆಯಿರಿ.

ಮೋಟರನ್ನು ದಡದಲ್ಲಿ ಓಡಿಸಿ ನೋಡುವುದಕ್ಕೆ ದೊಡ್ಡ ಡ್ರಮ್ ಒಂದೇ ನಂಬಲರ್ಹ ಸಾಧನ ಎಂಬುದು ನನ್ನ ನಿಲುವು. ಕಿಂಡಿಗಳಿಗೆ ಎರಡೂ ಬದಿಯಿಂದ ಒತ್ತಿಹಿಡಿಯುವ ರಬ್ಬರ್ ಬಟ್ಟಲುಗಳಿಗೆ ನಲ್ಲಿಯ ಪೈಪು ಜೋಡಿಸಿ ಓಡಿಸಬಹುದಾದರೂ, ನಲ್ಲಿಯ ಒತ್ತಡವೇ ನೀರನ್ನು ಮೇಲಕ್ಕೆ ನೂಕುವುದರಿಂದ ಸೋತ ಪಂಪು ಕೂಡ ಆರೋಗ್ಯವಾಗಿರುವಂತೆ ಕಾಣುವ ಸಾಧ್ಯತೆಯಿದೆ. ಪ್ರೊಪೆಲ್ಲರ್ ಕಳಚಿ, ಅಡ್ಡ ತಟ್ಟೆ ಚೆನ್ನಾಗಿ ಮುಳುಗಿ ಅದಕ್ಕೂ ಮೇಲೆ ಪಂಪಿನ ಮಟ್ಟದವರೆಗೆ ನೀರಿರುವಂತೆ ಡ್ರಮ್ ತುಂಬಿಸಿ, ಬಯಲಿನಲ್ಲಿ, ನ್ಯೂಟ್ರಲ್‌ನಲ್ಲಿ ಮಾತ್ರ ಓಡಿಸಿ. ಮುಚ್ಚಿದ ಕೋಣೆಯಲ್ಲಿ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ವಾಸನೆಯ ಸುಳಿವೂ ಕೊಡದೆ ಪ್ರಾಣ ತೆಗೆಯುತ್ತದೆ. ನೀರಿಲ್ಲದೆ ಒಂದು ಕ್ಷಣ ಚಾಲೂ ಮಾಡಿ ನೋಡೋಣವೆಂಬ ಯೋಚನೆಯೂ ಬೇಡ. ಒಣಗಿದ ಗೂಡಿನಲ್ಲಿ ತಿರುಗುವ ರಬ್ಬರ್ ಕೆಲವೇ ಸೆಕೆಂಡುಗಳಲ್ಲಿ ಸುಡಲಾರಂಭಿಸುತ್ತದೆ.

ಓಡುತ್ತಿರುವಾಗ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಹೆಡ್ಡಿನ ಮೇಲೆ, ಸೆನ್ಸರಿನ ಪಕ್ಕದಲ್ಲಿ, ಬಣ್ಣ ಬಳಿದ ಜಾಗದಲ್ಲಿ ಅಳೆಯಿರಿ. ಹೊಳೆಯುವ ಬರಿಯ ಲೋಹದ ಮೇಲೆ ಅಳತೆ ತಪ್ಪಾಗುತ್ತದೆ. ತಾಪ ಏರಿ, ಥರ್ಮೋಸ್ಟಾಟ್ ತೆರೆಯುವ ಮಟ್ಟದ ಆಸುಪಾಸಿನಲ್ಲಿ ನಿಂತರೆ ವ್ಯವಸ್ಥೆ ಸರಿಯಾಗಿದೆ. ನಿಲ್ಲದೆ ಏರುತ್ತಲೇ ಹೋದರೆ ಕೂಡಲೇ ಆರಿಸಿ. ಹೆಡ್ಡಿನ ಬೇರೆ ಬೇರೆ ಸಿಲಿಂಡರುಗಳ ಬಳಿಯೂ ಅಳೆಯಿರಿ. ಒಂದು ಕಡೆ ಮಾತ್ರ ತಾಪ ಬಹಳ ಹೆಚ್ಚಿದ್ದರೆ ಪಂಪಿಗಿಂತ ಅಲ್ಲಿನ ಕಾಲುವೆ ಕಟ್ಟಿರುವ ಸಾಧ್ಯತೆಯೇ ಜಾಸ್ತಿ. ಹಾರ್ನ್ ಬರುತ್ತಿದ್ದರೂ ಥರ್ಮಾಮೀಟರ್ ಸಾಮಾನ್ಯ ತಾಪವನ್ನೇ ತೋರಿಸುತ್ತಿದ್ದರೆ ಸೆನ್ಸರಿನ ಕಡೆ ನೋಡಿ. ಈ ಒಂದು ಅಗ್ಗದ ಉಪಕರಣ ಊಹೆಯ ಜಾಗದಲ್ಲಿ ಅಂಕಿಯನ್ನು ತಂದುಕೊಡುವುದರಿಂದ, ಹೊಸಬರು ಸ್ಪಾನರ್ ಸೆಟ್ಟಿನ ಜೊತೆಗೇ ಇದನ್ನು ಕೊಳ್ಳಬೇಕೆಂದು ಒತ್ತಿ ಹೇಳುತ್ತೇನೆ.

ಇಂಪೆಲ್ಲರ್ ಬದಲಾಯಿಸುವುದು

ಧಾರೆ ದುರ್ಬಲವಾಗಿದ್ದು, ಕಿಂಡಿ ಮತ್ತು ಪೈಪುಗಳು ಶುಚಿಯಾಗಿದ್ದರೆ ಪಂಪನ್ನು ಬಿಚ್ಚಲೇಬೇಕು. ಇಂಪೆಲ್ಲರ್ ಹಾಕಿ ಎರಡು ಮೂರು ವರ್ಷ ಕಳೆದಿದ್ದರೆ, ಅಥವಾ ಯಾವಾಗ ಹಾಕಿದ್ದೆಂದೇ ತಿಳಿಯದಿದ್ದರೆ, ಬೇರೆ ಕಾರಣ ಸಿಕ್ಕಿದರೂ ಇದನ್ನು ಬದಲಾಯಿಸಿಬಿಡುವುದು ಒಳ್ಳೆಯದು. ಬರಿಯ ಇಂಪೆಲ್ಲರ್ ಕೊಳ್ಳುವ ಬದಲು ಪಂಪಿನ ಪೂರ್ತಿ ಕಿಟ್ ಕೊಳ್ಳಿ. ಅದರಲ್ಲಿ ಇಂಪೆಲ್ಲರ್, ಕೀಲಿ, ಗ್ಯಾಸ್ಕೆಟ್, ಒ-ರಿಂಗುಗಳು ಮತ್ತು ಸಾಮಾನ್ಯವಾಗಿ ಪಂಪಿನ ಗೂಡಿನ ಒಳಬಟ್ಟಲು ಹಾಗೂ ತಳದ ತಟ್ಟೆ ಇರುತ್ತವೆ. ಗೀರು ಬಿದ್ದ ಹಳೆಯ ಬಟ್ಟಲಿನಲ್ಲಿ ಹೊಸ ಇಂಪೆಲ್ಲರ್ ಬೇಗನೆ ಸವೆಯುತ್ತದೆ, ಪೂರ್ಣ ಒತ್ತಡವನ್ನೂ ಕೊಡುವುದಿಲ್ಲ.

ಮೊದಲು ಬ್ಯಾಟರಿಯ ವೈರ್ ಕಳಚಿ, ತುರ್ತು ನಿಲುಗಡೆಯ ದಾರ ತೆಗೆದು, ಸ್ಪಾರ್ಕ್ ಪ್ಲಗ್ಗಿನ ಕ್ಯಾಪುಗಳನ್ನು ಎಳೆದಿಡಿ. ಪ್ರೊಪೆಲ್ಲರ್ ತಿರುಗಿಸಿದಾಗ ಇಂಜಿನ್ ಆಕಸ್ಮಿಕವಾಗಿ ಚಾಲೂ ಆಗದಿರಲು ಇದು ಅಗತ್ಯ. ಗೇರನ್ನು ಕೈಪಿಡಿಯಲ್ಲಿ ಹೇಳಿದ ಸ್ಥಾನಕ್ಕೆ ತನ್ನಿ. ಪ್ರೊಪೆಲ್ಲರಿನ ಮೇಲಿರುವ ಸಣ್ಣ ಓರೆ ರೆಕ್ಕೆಯನ್ನು ತೆಗೆಯುವುದಿದ್ದರೆ ಅದರ ಕೋನವನ್ನು ಮಾರ್ಕರಿನಿಂದ ಗುರುತಿಸಿಡಿ. ಕೆಲವು ಮೋಟರ್‌ಗಳಲ್ಲಿ ಗೇರ್‌ಕೇಸಿನ ಒಂದು ಬೋಲ್ಟ್ ಈ ರೆಕ್ಕೆಯ ಮೇಲ್ಗಡೆಯೇ ಅಡಗಿರುತ್ತದೆ. ಗೇರ್ ಬದಲಾಯಿಸುವ ಸರಳಿನ ಜೋಡಣೆ ಎಲ್ಲಿದೆಯೆಂದು ನೋಡಿ, ಬೇಕಾದಲ್ಲಿ ಅದನ್ನು ಬಿಚ್ಚಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆದಿಡುವುದು ಮರುಜೋಡಣೆಯ ವೇಳೆ ಬಹಳ ನೆರವಾಗುತ್ತದೆ.

ಗೇರ್‌ಕೇಸನ್ನು ಹಿಡಿದಿರುವ ಬೋಲ್ಟ್‌ಗಳನ್ನು ಒಂದೊಂದಾಗಿ ಸಡಿಲಿಸಿ, ಕೊನೆಯದನ್ನು ಬಿಚ್ಚುವ ಮೊದಲು ಕೆಳಗೆ ಆಸರೆ ಕೊಡಿ ಅಥವಾ ಇನ್ನೊಬ್ಬರು ಹಿಡಿದಿರಲಿ. ಸಣ್ಣ ಮೋಟರಿನದನ್ನು ಒಂದು ಕೈಯಲ್ಲಿ ಎತ್ತಬಹುದು, ದೊಡ್ಡದರ ಭಾರಕ್ಕೆ ಬೆರಳು ಜಜ್ಜೀತು. ಉಪ್ಪುನೀರಿನಲ್ಲಿ ಓಡಿದ ಮೋಟರಿನಲ್ಲಿ ಬೋಲ್ಟ್‌ಗಳು ಹಿಡಿದುಕೊಂಡಿರುವುದು ಸಹಜ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ, ಬಳಿಕ ಮೊದಲು ಕೂದಲೆಳೆಯಷ್ಟು ಬಿಗಿದು ಆಮೇಲೆ ಸಡಿಲಿಸಿ, ಹೀಗೆ ಮುಂದೆ ಹಿಂದೆ ಮಾಡುತ್ತ ಬಿಡಿಸಿ. ಬೋಲ್ಟ್‌ಗಳು ಬಂದರೂ ಗೇರ್‌ಕೇಸ್ ಬಿಡದಿದ್ದರೆ ರಬ್ಬರ್ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿ. ಎರಡು ಮುಖಗಳ ನಡುವೆ ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ. ಮೆತ್ತನೆಯ ಅಲ್ಯೂಮಿನಿಯಂಗೆ ಆದ ಗಾಯ ಶಾಶ್ವತ.

ಗೇರ್‌ಕೇಸನ್ನು ನೇರವಾಗಿ ಕೆಳಗಿಳಿಸಿ, ನೆಟ್ಟಗೆ ನಿಲ್ಲಿಸಿ. ಮೇಲೆ ನಿಂತಿರುವ ಉದ್ದನೆಯ ಡ್ರೈವ್‌ಶಾಫ್ಟನ್ನು ಎಳೆಯಬೇಡಿ. ಅದರ ಸುತ್ತ ಕೂತಿರುವ ಪಂಪಿನ ಗೂಡಿನ ಬೋಲ್ಟ್‌ಗಳನ್ನು ಬಿಚ್ಚಿ, ಗೂಡನ್ನು ಶಾಫ್ಟಿನ ಮೇಲೆ ಜಾರಿಸಿ ತೆಗೆಯಿರಿ. ಅದರ ಹಿಂದೆಯೇ ಇಂಪೆಲ್ಲರನ್ನೂ ಮೇಲಕ್ಕೆ ಜಾರಿಸಿ. ಕೀಲಿ ಬಹಳ ಚಿಕ್ಕದಾಗಿದ್ದು ಬಿದ್ದರೆ ಸಿಗುವುದು ಕಷ್ಟ, ಆದ್ದರಿಂದ ಕೆಳಗೆ ಬಟ್ಟೆ ಹಾಸಿರಿ.

ಈಗ ಹಳೆಯ ಇಂಪೆಲ್ಲರನ್ನು ಗಮನವಿಟ್ಟು ಓದಬೇಕು, ಏಕೆಂದರೆ ರೋಗದ ಚರಿತ್ರೆ ಅದರಲ್ಲಿದೆ. ಕೈಯಲ್ಲಿ ಹಿಡಿದಾಗಲೂ ರೆಕ್ಕೆಗಳು ಒಂದೇ ಕಡೆ ಬಾಗಿಯೇ ಇದ್ದರೆ ರಬ್ಬರ್ ಬಿಗಿ ಕಳೆದುಕೊಂಡಿದೆ. ಅಂಚುಗಳು ಕರಗಿ ಹೊಳೆಯುತ್ತಿದ್ದರೆ ಅದು ನೀರಿಲ್ಲದೆ ಓಡಿದೆ. ತುದಿಗಳು ಸವೆದು ಬಟ್ಟಲಿನಲ್ಲಿ ಗೆರೆಗಳೆದ್ದಿದ್ದರೆ ಮರಳು ನುಂಗಿದೆ. ನಡುವಿನ ಗುಂಬವನ್ನು ಹಿಡಿದು ರಬ್ಬರನ್ನು ತಿರುಚಿ ನೋಡಿ. ಎರಡೂ ಬೇರೆ ಬೇರೆಯಾಗಿ ತಿರುಗಿದರೆ ವೇಗದಲ್ಲಿ ಜಾರುತ್ತಿದ್ದದ್ದು ಅದೇ. ರೆಕ್ಕೆಯ ತುಂಡು ಮುರಿದು ಕಾಣೆಯಾಗಿದ್ದರೆ ಕೆಲಸ ಇಲ್ಲಿಗೆ ನಿಲ್ಲುವುದಿಲ್ಲ. ಆ ತುಂಡು ನೀರಿನೊಂದಿಗೆ ಮೇಲೇರಿ ಕೊಳವೆಯಲ್ಲೋ ಥರ್ಮೋಸ್ಟಾಟಿನ ಬಾಯಲ್ಲೋ ಕೂತಿರುತ್ತದೆ. ಹೊಸ ಇಂಪೆಲ್ಲರ್ ಹಾಕಿದ ಮೇಲೂ ಬಿಸಿಯಾಗುವ ಮೋಟರ್‌ಗಳಲ್ಲಿ ಇದು ಪದೇ ಪದೇ ಕಾಣುವ ಕಾರಣ. ಮುರಿದ ತುಂಡುಗಳನ್ನು ಹಳೆಯ ಇಂಪೆಲ್ಲರಿನ ಪಕ್ಕದಲ್ಲಿ ಜೋಡಿಸಿ ನೋಡಿ, ಎಲ್ಲವೂ ಸಿಗುವವರೆಗೆ ಹುಡುಕಿ. ಥರ್ಮೋಸ್ಟಾಟ್ ತೆಗೆದು, ಅದರ ಬಾಯಿಂದ ಕೆಳಮುಖವಾಗಿ ನೀರು ಹಾಯಿಸಿದರೆ ತುಂಡು ಬಂದ ದಾರಿಯಲ್ಲೇ ವಾಪಸು ಇಳಿಯುವುದುಂಟು. ಗೇರ್‌ಕೇಸ್ ಕಳಚಿರುವ ಈ ಹೊತ್ತೇ ಅದಕ್ಕೆ ಸೂಕ್ತ.

ಜೋಡಿಸುವಾಗ ಹಳೆಯ ಗ್ಯಾಸ್ಕೆಟ್ಟನ್ನು ಪ್ಲಾಸ್ಟಿಕ್ ಅಲಗಿನಿಂದ ಕೆರೆದು ಮುಖಗಳನ್ನು ಶುಚಿಗೊಳಿಸಿ, ತಳದ ತಟ್ಟೆ ಮತ್ತು ಗ್ಯಾಸ್ಕೆಟ್‌ಗಳನ್ನು ಬಿಚ್ಚಿದ ಕ್ರಮದಲ್ಲೇ ಇಡಿ. ಕೀಲಿಗೆ ಸ್ವಲ್ಪ ಗ್ರೀಸ್ ಹಚ್ಚಿದರೆ ಅದು ಜಾಗದಲ್ಲಿ ಅಂಟಿ ನಿಲ್ಲುತ್ತದೆ. ಇಂಪೆಲ್ಲರನ್ನು ಅದರ ಮೇಲೆ ಕೂರಿಸಿ, ಬಟ್ಟಲಿನ ಒಳಗೆ ಸಾಬೂನು ನೀರು ಸವರಿ, ಗೂಡನ್ನು ಮೇಲಿನಿಂದ ಮೆಲ್ಲಗೆ ಒತ್ತುತ್ತ ಶಾಫ್ಟನ್ನು ಗಡಿಯಾರದ ದಿಕ್ಕಿನಲ್ಲಿ ತಿರುಗಿಸಿ. ರೆಕ್ಕೆಗಳು ತಿರುಗುವ ದಿಕ್ಕಿಗೆ ವಿರುದ್ಧವಾಗಿ ಬಾಗಿ ಒಳಸೇರುತ್ತವೆ. ಇದಾದ ಮೇಲೆ ಶಾಫ್ಟನ್ನು ಹಿಮ್ಮುಖವಾಗಿ ತಿರುಗಿಸಬಾರದು, ರೆಕ್ಕೆಗಳು ತಿರುಚಿಕೊಂಡಾವು. ಗೂಡಿನ ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಗೇರ್‌ಕೇಸನ್ನು ಮೇಲೇರಿಸುವಾಗ ಮೂರು ಸಂಗತಿಗಳು ಒಟ್ಟಿಗೆ ಕೂಡಬೇಕು: ನೀರಿನ ಕೊಳವೆ ಪಂಪಿನ ರಬ್ಬರ್ ಬಾಯಿಗೆ ಇಳಿಯಬೇಕು, ಶಾಫ್ಟಿನ ಹಲ್ಲುಗಳು ಇಂಜಿನ್ನಿನ ಹಲ್ಲುಗಳಿಗೆ ಸೇರಬೇಕು, ಗೇರಿನ ಸರಳು ತನ್ನ ಜೋಡಣೆಗೆ ತಲುಪಬೇಕು. ಹೊಸಬರು ಹೆಚ್ಚಾಗಿ ತಪ್ಪುವುದು ಕೊಳವೆಯ ವಿಷಯದಲ್ಲಿ. ಅದು ಬಾಯಿಯ ಪಕ್ಕಕ್ಕೆ ಜಾರಿ ನಿಂತರೆ ಹೊಸ ಪಂಪು ಎತ್ತಿದ ನೀರೆಲ್ಲ ಇಂಜಿನ್ನಿಗೂ ಗೇರ್‌ಕೇಸಿಗೂ ನಡುವಿನ ಕಂಬದೊಳಗೇ ಚೆಲ್ಲಿಹೋಗುತ್ತದೆ. ಟಾರ್ಚ್ ಹಿಡಿದು ಕಣ್ಣಾರೆ ನೋಡಿಯೇ ಕೂರಿಸಿ. ಶಾಫ್ಟಿನ ಹಲ್ಲುಗಳ ಬದಿಗೆ ಗ್ರೀಸ್ ಹಚ್ಚಿ, ನೆತ್ತಿಗೆ ಹಚ್ಚಬೇಡಿ. ಅಲ್ಲಿ ಸಿಕ್ಕಿಕೊಂಡ ಗ್ರೀಸ್ ಶಾಫ್ಟ್ ಪೂರ್ತಿ ಕೂರದಂತೆ ತಡೆಯುತ್ತದೆ. ಹಲ್ಲುಗಳು ಕೂಡದಿದ್ದರೆ ಫ್ಲೈವೀಲನ್ನು ಗಡಿಯಾರದ ದಿಕ್ಕಿನಲ್ಲಿ ತುಸು ತಿರುಗಿಸಿ. ಎರಡು ಮುಖಗಳು ಕೈಬಲದಿಂದಲೇ ಕೂಡಬೇಕು. ಸಂದು ಉಳಿದಿರುವಾಗ ಬೋಲ್ಟ್ ಬಿಗಿದು ಎಳೆದರೆ ಏನಾದರೂ ಮುರಿಯುವುದು ಖಚಿತ. ಇಳಿಸಿ, ಮತ್ತೆ ಹೊಂದಿಸಿ. ಕೊನೆಗೆ ಬೋಲ್ಟ್‌ಗಳಿಗೆ ಸಾಗರ ಬಳಕೆಯ ಗ್ರೀಸ್ ಸವರಿ, ಟಾರ್ಕ್ ವ್ರೆಂಚಿನಿಂದ ನಿಗದಿತ ಅಳತೆಗೆ ಬಿಗಿದು, ಮೂರೂ ಗೇರುಗಳು ಸರಿಯಾಗಿ ಬೀಳುತ್ತವೆಯೇ ಎಂದು ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ತಿರುಗಿಸಿ ಪರೀಕ್ಷಿಸಿ.

ಥರ್ಮೋಸ್ಟಾಟ್ ಮತ್ತು ಒತ್ತಡದ ವಾಲ್ವ್

ಥರ್ಮೋಸ್ಟಾಟ್ ಸಾಮಾನ್ಯವಾಗಿ ಹೆಡ್ಡಿನ ಮೇಲೆ ಅಥವಾ ಬ್ಲಾಕಿನ ಪಕ್ಕದಲ್ಲಿ ಸಣ್ಣ ಮುಚ್ಚಳದ ಕೆಳಗಿರುತ್ತದೆ. ಮುಚ್ಚಳದ ಬೋಲ್ಟ್‌ಗಳು ತೆಳ್ಳಗಿದ್ದು, ಉಪ್ಪಿನಿಂದ ಹಿಡಿದುಕೊಂಡಿದ್ದರೆ ತಲೆ ಮುರಿದುಕೊಳ್ಳುತ್ತವೆ. ಇಲ್ಲಿ ಬಲಕ್ಕಿಂತ ತಾಳ್ಮೆ ಮುಖ್ಯ. ತೆಗೆದ ಥರ್ಮೋಸ್ಟಾಟನ್ನು ಪರೀಕ್ಷಿಸುವುದು ಸುಲಭ. ಅದರ ವಾಲ್ವಿನ ಸಂದಿಗೆ ದಾರವೊಂದನ್ನು ಕಚ್ಚಿಸಿ, ಆ ದಾರದಿಂದಲೇ ಪಾತ್ರೆಯ ನೀರಿನಲ್ಲಿ ತಳ ತಾಗದಂತೆ ನೇತುಹಾಕಿ, ಥರ್ಮಾಮೀಟರ್ ಇಟ್ಟು ನಿಧಾನವಾಗಿ ಕಾಯಿಸಿ. ವಾಲ್ವ್ ತೆರೆದ ಕ್ಷಣ ದಾರ ಬಿಟ್ಟುಕೊಂಡು ಥರ್ಮೋಸ್ಟಾಟ್ ಕೆಳಗೆ ಬೀಳುತ್ತದೆ. ಆಗಿನ ತಾಪವನ್ನು ಅದರ ಮೇಲೆ ಅಚ್ಚಾಗಿರುವ ಅಥವಾ ಕೈಪಿಡಿಯಲ್ಲಿರುವ ಅಂಕಿಯೊಂದಿಗೆ ಹೋಲಿಸಿ. ಇನ್ನಷ್ಟು ಕಾಯಿಸಿದಾಗ ಅದು ಪೂರ್ತಿ ತೆರೆಯಬೇಕು, ತಣಿದಾಗ ಪೂರ್ತಿ ಮುಚ್ಚಬೇಕು. ತಡವಾಗಿ ಅಥವಾ ಅರ್ಧ ಮಾತ್ರ ತೆರೆದರೆ ಹೊಸದನ್ನು ಹಾಕಿ. ಗ್ಯಾಸ್ಕೆಟ್ ಹೇಗಿದ್ದರೂ ಹೊಸದೇ ಇರಲಿ.

ಥರ್ಮೋಸ್ಟಾಟನ್ನು ಶಾಶ್ವತವಾಗಿ ತೆಗೆದುಹಾಕಿ ಓಡಿಸುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಅದನ್ನು ಒಪ್ಪಬೇಡಿ. ಇಂಜಿನ್ ತನ್ನ ತಾಪಕ್ಕೆ ಬರದೆ ಓಡಿದರೆ ಪ್ಲಗ್‌ಗಳಿಗೆ ಮಸಿ ಕಟ್ಟುತ್ತದೆ, ನಾಲ್ಕು ಸ್ಟ್ರೋಕಿನಲ್ಲಿ ಪೆಟ್ರೋಲ್ ಇಳಿದು ಆಯಿಲ್ ತೆಳುವಾಗುತ್ತದೆ, ಸವೆತ ಹೆಚ್ಚುತ್ತದೆ.

ಒತ್ತಡದ ವಾಲ್ವ್ ಇರುವ ಮಾದರಿಯಲ್ಲಿ ಅದನ್ನೂ ತೆಗೆದು, ಸ್ಪ್ರಿಂಗ್ ಮತ್ತು ರಬ್ಬರ್ ಮುಖವನ್ನು ನೋಡಿ. ಮರಳಿನ ಕಣ ಕೂತು ಅದು ಸದಾ ತೆರೆದೇ ಇದ್ದರೂ ತೊಂದರೆಯೇ, ಉಪ್ಪು ಕಟ್ಟಿ ಮುಚ್ಚಿಕೊಂಡರೂ ತೊಂದರೆಯೇ.

ಕಾಲುವೆಗಳಲ್ಲಿ ಕಟ್ಟಿದ ಉಪ್ಪು

ಥರ್ಮೋಸ್ಟಾಟಿನ ಬಾಯಲ್ಲಿ ಬಿಳಿಯ ಗಟ್ಟಿ ಪದರ ಕಂಡರೆ ಒಳಗಿನ ಕಾಲುವೆಗಳಲ್ಲೂ ಅದೇ ಇದೆಯೆಂದು ತಿಳಿಯಬಹುದು. ಔಟ್‌ಬೋರ್ಡ್‌ಗಳಿಗೆಂದೇ ಬರುವ ಉಪ್ಪು ಕರಗಿಸುವ ದ್ರವವನ್ನು ಡ್ರಮ್ಮಿನ ನೀರಿಗೆ ಬೆರೆಸಿ, ಥರ್ಮೋಸ್ಟಾಟ್ ತೆಗೆದ ಸ್ಥಿತಿಯಲ್ಲಿ, ತಯಾರಕರು ಹೇಳಿದಷ್ಟು ಹೊತ್ತು ಮಾತ್ರ ನಿಧಾನವಾಗಿ ಓಡಿಸಿ, ಅನಂತರ ಸಿಹಿನೀರಿನಿಂದ ಧಾರಾಳವಾಗಿ ತೊಳೆಯಿರಿ. ಮನೆಯಲ್ಲಿ ಬಳಸುವ ವಿನೆಗರ್ ತೆಳುವಾದ ಪದರಕ್ಕೆ ಸಾಲುತ್ತದೆ. ಯಾವ ಆಮ್ಲವನ್ನೂ ಒಳಗೇ ಬಿಟ್ಟು ದಿನಗಟ್ಟಲೆ ನೆನೆಸಬೇಡಿ. ಪದರ ಮುಗಿದ ಮೇಲೆ ಅದು ಅಲ್ಯೂಮಿನಿಯಂ ತಿನ್ನಲಾರಂಭಿಸುತ್ತದೆ. ಬ್ಲಾಕಿನೊಳಗೆ ಸತುವಿನ ಆನೋಡುಗಳು (ಇಂಜಿನ್ನಿನ ಲೋಹದ ಬದಲು ತಾವೇ ಕರಗುವ ತುಂಡುಗಳು) ಇರುವ ಮಾದರಿಯಲ್ಲಿ ಅವನ್ನು ಮೊದಲೇ ತೆಗೆದು, ಅರ್ಧಕ್ಕಿಂತ ಹೆಚ್ಚು ಕರಗಿದ್ದರೆ ಹೊಸದನ್ನು ಹಾಕಿ.

ಎಲ್ಲಿ ನಿಲ್ಲಬೇಕು

ಪಂಪು ಹೊಸದು, ಥರ್ಮೋಸ್ಟಾಟ್ ಸರಿ, ಕಾಲುವೆ ತೊಳೆದಾಗಿದೆ, ಆದರೂ ತಾಪ ಏರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಸಂದೇಹ ಬರುತ್ತದೆ. ಕಂಪ್ರೆಷನ್ ಕಡಿಮೆಯಿರುವ ಸಿಲಿಂಡರ್, ತೊಳೆದಂತಿರುವ ಪ್ಲಗ್, ಸೂಚಕ ಧಾರೆಯಲ್ಲಿ ಹಬೆ ಅಥವಾ ಎಡೆಬಿಡದ ಗುಳ್ಳೆಗಳು ಅದರ ಗುರುತುಗಳು. ಸರಿಯಾಗಿ ಉರಿಯದ, ಪೆಟ್ರೋಲ್ ಕಡಿಮೆ ಬೆರೆತ ಮಿಶ್ರಣ, ಎರಡು ಸ್ಟ್ರೋಕಿನಲ್ಲಿ ಆಯಿಲ್ ಕೊರತೆ, ಕಿಡಿಯ ಸಮಯದ ವ್ಯತ್ಯಾಸ ಇವೂ ಬಿಸಿಯೇರಿಸುತ್ತವೆ. ಹೆಡ್ ಬಿಚ್ಚಿ ಅದರ ಮುಖ ಬಾಗಿದೆಯೇ ಎಂದು ಅಳೆಯುವುದು, ಹೊಗೆಯ ಮಾರ್ಗದ ಮುಚ್ಚಳ ತೆಗೆಯುವುದು, ಆಳದಲ್ಲಿ ಮುರಿದ ಬೋಲ್ಟ್ ತೆಗೆಯುವುದು ಮೊದಲ ಸಲ ಸ್ಪಾನರ್ ಹಿಡಿದವರ ಕೆಲಸವಲ್ಲ. ಅನುಭವಿ ಮೆಕ್ಯಾನಿಕ್ ಬಳಿಗೆ ಹೋಗುವಾಗ ಈವರೆಗಿನ ಅಳತೆಗಳನ್ನು ಬರೆದುಕೊಂಡು ಹೋಗಿ: ಕಂಪ್ರೆಷನ್ನಿನ ಅಂಕಿಗಳು, ಹೆಡ್ಡಿನ ತಾಪ, ಯಾವ ವೇಗದಲ್ಲಿ ಹಾರ್ನ್ ಬರುತ್ತದೆ ಎಂಬ ವಿವರ. ಅವರ ಅರ್ಧ ದಿನದ ಹುಡುಕಾಟ ಅದರಿಂದ ಉಳಿಯುತ್ತದೆ.

ಮರುಪರೀಕ್ಷೆ

ಮೊದಲು ಡ್ರಮ್ಮಿನಲ್ಲಿ ಓಡಿಸಿ. ಚಾಲೂ ಮಾಡಿದ ಅರ್ಧ ನಿಮಿಷದೊಳಗೆ ಧಾರೆ ಕಾಣಿಸಬೇಕು. ಕಾಣಿಸದಿದ್ದರೆ ಆರಿಸಿ, ಕೊಳವೆಯ ಜೋಡಣೆಯನ್ನು ಮತ್ತೆ ನೋಡಿ. ಹತ್ತು ಹದಿನೈದು ನಿಮಿಷ ಓಡುತ್ತಿರುವಾಗ ಹೆಡ್ಡಿನ ತಾಪವನ್ನು ಆಗಾಗ ಅಳೆದು ಬರೆದಿಡಿ. ಅನಂತರ ದಡಕ್ಕೆ ಹತ್ತಿರದಲ್ಲೇ, ಹುಟ್ಟು ಮತ್ತು ಲಂಗರು ಜೊತೆಗಿಟ್ಟುಕೊಂಡು ನೀರಿಗಿಳಿಸಿ, ಮೊದಲು ನಿಧಾನವಾಗಿ, ಬಳಿಕ ಅರ್ಧ ಥ್ರಾಟಲಿನಲ್ಲಿ, ಕೊನೆಗೆ ಪೂರ್ಣ ವೇಗದಲ್ಲಿ ಕೆಲವು ನಿಮಿಷ ಓಡಿಸಿ. ಪೂರ್ಣ ವೇಗದಿಂದ ಥಟ್ಟನೆ ಇಳಿಸಿ ನಿಧಾನವಾಗಿ ಓಡಲು ಬಿಟ್ಟಾಗಲೂ ಹಾರ್ನ್ ಬರದಿದ್ದರೆ ಥರ್ಮೋಸ್ಟಾಟ್ ಮತ್ತು ಪಂಪು ಎರಡೂ ಕೆಲಸ ಮಾಡುತ್ತಿವೆ. ದಡಕ್ಕೆ ಬಂದ ಮೇಲೆ ಇಂಜಿನ್ ತಣಿದಾಗ ಥರ್ಮೋಸ್ಟಾಟಿನ ಮುಚ್ಚಳದ ಸುತ್ತ ನೀರಿನ ಜಿನುಗು ಇದೆಯೇ ನೋಡಿ, ಗೇರ್‌ಕೇಸಿನ ಬೋಲ್ಟ್‌ಗಳ ಬಿಗಿಯನ್ನು ಇನ್ನೊಮ್ಮೆ ಪರೀಕ್ಷಿಸಿ, ಉಪ್ಪುನೀರಿನಲ್ಲಿ ಓಡಿಸಿದ್ದರೆ ಸಿಹಿನೀರು ಹಾಯಿಸಿ ಒಳಗಿನ ಕಾಲುವೆಗಳನ್ನು ತೊಳೆಯಿರಿ. ಇಂಪೆಲ್ಲರ್ ಬದಲಾಯಿಸಿದ ದಿನಾಂಕವನ್ನು ಮೋಟರಿನ ಮುಚ್ಚಳದ ಒಳಮೈಯಲ್ಲಿ ಅಳಿಸದ ಶಾಯಿಯಿಂದ ಬರೆದಿಡಿ.